ಎಂಬತ್ತೈದರಿಂದ ತೊಂಬತ್ತಾರರವರೆಗೆ, ಟಿಕೆಟ್ ಇಲ್ಲದೆ

ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಮನುಷ್ಯನನ್ನು ಬೀದಿಯವರು ಇನ್ನೂ ಟಿಸಿ ಸಾಹೇಬರು ಎಂದೇ ಕರೆಯುತ್ತಿದ್ದರು. ಕರೆಯದೆ ಏನು ಮಾಡುತ್ತಾರೆ? ಕಪ್ಪು ಕೋಟು ಬಿಚ್ಚಿಟ್ಟು ಆರು ವರ್ಷವಾಗಿದ್ದರೂ ಅವರ ಬಲಗೈ ಮಾತ್ರ ಇನ್ನೂ ಡ್ಯೂಟಿಯ ಮೇಲೇ ಇತ್ತು. ಎದುರಿಗೆ ಯಾರು ಬಂದರೂ ಅಂಗೈ ಮೇಲೆ ಮಾಡಿಕೊಂಡು ತಾನಾಗಿಯೇ ಮುಂದಕ್ಕೆ ಚಾಚುತ್ತಿತ್ತು. ಒಂದು ಮದುವೆಯ ಬಾಗಿಲಲ್ಲಿ ಹಾಗೆ ಕೈ ಚಾಚಿ ನಿಂತಿದ್ದಕ್ಕೆ ಯಾರೋ ಪುಣ್ಯಾತ್ಮರು ಉಡುಗೊರೆಯ ಲಕೋಟೆಯನ್ನು ಅವರ ಕೈಗೇ ಇಟ್ಟು ಒಳಗೆ ಹೋಗಿದ್ದರು. ಅದನ್ನು ಮದುವೆ ಹೆಣ್ಣಿನ ಅಪ್ಪನಿಗೆ ತಲುಪಿಸಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದರು ನಮ್ಮ ಸಾಹೇಬರು.

ಅವರ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಪಡುವಂತಿದ್ದಿದ್ದರೆ ಮನೆಯವರು ಇನ್ನಷ್ಟು ಸುಖವಾಗಿರುತ್ತಿದ್ದರು. ಹೆಣ್ಣು ಕೊಟ್ಟ ಮಾವ ಒಮ್ಮೆ ರೈಲಿನಲ್ಲಿ ನಿದ್ದೆಹೋಗಿ, ಇಳಿಯಬೇಕಾದ ನಿಲ್ದಾಣ ದಾಟಿ ಇನ್ನೂ ಎರಡು ನಿಲ್ದಾಣ ಮುಂದೆ ಬಂದುಬಿಟ್ಟಿದ್ದರು. ಅಳಿಯ ಅವರನ್ನು ಮೆಲ್ಲಗೆ ಎಬ್ಬಿಸಿ, ಕುಶಲ ವಿಚಾರಿಸಿ, ಹೆಚ್ಚಿನ ದೂರದ ದರವನ್ನೂ ಅದರ ಮೇಲೆ ದಂಡವನ್ನೂ ಹಾಕಿ, ರಸೀದಿ ಹರಿದುಕೊಟ್ಟು, ಊಟಕ್ಕೆ ಮನೆಗೆ ಬನ್ನಿ ಎಂದು ಕರೆದು ಮುಂದಿನ ಬೋಗಿಗೆ ಹೋದರು. ಮಾವ ಎರಡು ವರ್ಷ ಮಾತು ಬಿಟ್ಟರು. ಸಾಹೇಬರ ಹೆಂಡತಿ ಮಾತು ಬಿಡಲಿಲ್ಲ, ಅದರ ಬದಲು ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುವುದನ್ನು ರೂಢಿ ಮಾಡಿಕೊಂಡರು.

ಟಿಕೆಟ್ ಇಲ್ಲದವರು ಹೇಳುವ ನೆಪಗಳನ್ನೆಲ್ಲ ಸಾಹೇಬರು ಕೇಳಿ ಮುಗಿಸಿದ್ದರು. ಅವರಿಗೆ ಮೈಯೆಲ್ಲ ಉರಿಯುವಂತೆ ಮಾಡುತ್ತಿದ್ದ ನೆಪ ಒಂದೇ: ಕೌಂಟರ್ ಮುಚ್ಚಿತ್ತು ಸಾರ್, ಕೊಳ್ಳೋಣ ಅಂತಲೇ ಬಂದಿದ್ದೆ. ಅದಕ್ಕೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು. ಕೌಂಟರ್ ಮುಚ್ಚಿದ್ದರೆ ರೈಲು ಹತ್ತಬಾರದು.

ಇಂಥವರ ಮನೆಯಲ್ಲಿ ಅವರ ಅಕ್ಕನೂ ಇದ್ದಳು. ತಮ್ಮನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಎತ್ತಿ ಆಡಿಸಿದವಳೂ, ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಮಿಷನ್ ತುಳಿದು ಓದಿಸಿದವಳೂ ಅವಳೇ. ಮದುವೆಯ ಗೋಜಿಗೆ ಹೋಗಲಿಲ್ಲ. ಎಪ್ಪತ್ತೆಂಟರಲ್ಲಿ ಅವಳಿಗೆ ಉಳಿದಿದ್ದ ಚಟ ಒಂದೇ, ಕನ್ನಡಕ್ಕೆ ಡಬ್ ಆಗಿ ಟಿವಿಯಲ್ಲಿ ಬರುತ್ತಿದ್ದ ಒಂದು ಹೊರದೇಶದ ಧಾರಾವಾಹಿ. ಬಂದರಿನ ಪಕ್ಕ ಊಟದ ಹೋಟೆಲು ನಡೆಸುವ ಒಬ್ಬ ಹೆಂಗಸು. ಹಡಗು ಹತ್ತಿ ಹೋದ ಗಂಡ ಹದಿನಾಲ್ಕು ವರ್ಷ ನಾಪತ್ತೆ. ಆಮೇಲೆ ಒಂದೇ ವಾರದಲ್ಲಿ ಇಬ್ಬರು ಗಂಡಸರು ಬಂದು, ಇಬ್ಬರೂ ನಾನೇ ನಿನ್ನ ಗಂಡ ಅನ್ನುತ್ತಾರೆ. ಒಬ್ಬನಿಗೆ ಗಡ್ಡ, ಇನ್ನೊಬ್ಬ ಕುಂಟುತ್ತಾನೆ. ಗಡ್ಡದವನೇ ನಿಜವಾದ ಗಂಡ ಎಂದು ಅಕ್ಕ, ಕುಂಟುವವನೇ ಎಂದು ಸಾಹೇಬರ ಹೆಂಡತಿ. ಅತ್ತಿಗೆ ನಾದಿನಿಯರ ನಡುವೆ ಇದೊಂದೇ ಜಗಳ. ಇಬ್ಬರ ಹತ್ತಿರವೂ ಗುರುತಿನ ಚೀಟಿ ಕೇಳಿದ್ದರೆ ಇಷ್ಟು ಎಳೆಯಬೇಕಾಗಿರಲಿಲ್ಲ ಎಂದು ಸಾಹೇಬರು ಪೇಪರಿನ ಹಿಂದಿನಿಂದ ಹೇಳುತ್ತಿದ್ದರು.

ಎಂಬತ್ತನಾಲ್ಕನೆಯ ಕಂತಿನಲ್ಲಿ ಆ ಹೆಂಗಸು ದೀಪ ಎತ್ತಿ ಹಿಡಿದು ಇಬ್ಬರ ಮುಖವನ್ನೂ ನೋಡಿ, ನನಗೆ ಗೊತ್ತಾಯಿತು ಅಂದಳು. ಅಷ್ಟಕ್ಕೆ ಕಂತು ಮುಗಿಯಿತು. ಮರುದಿನ ಅದೇ ಹೊತ್ತಿಗೆ ಟಿವಿ ಹಾಕಿದರೆ ಒಬ್ಬಾತ ತಳ ಹಿಡಿಯದ ಬಾಣಲೆ ಮಾರುತ್ತಿದ್ದ. ಅದರ ಮರುದಿನವೂ ಬಾಣಲೆ. ಚಾನೆಲ್‌ಗೆ ಫೋನ್ ಮಾಡಿದರೆ, ಧಾರಾವಾಹಿ ಮಾಡಿದ ಕಂಪನಿಯೊಂದಿಗೆ ಒಪ್ಪಂದ ಮುಗಿದಿದೆ, ಉಳಿದ ಹನ್ನೆರಡು ಕಂತುಗಳನ್ನು ನಾವು ಕೊಂಡಿಲ್ಲ ಅಂದರು.

ಸಾಹೇಬರು ಅಕ್ಕನಿಗೆ ಮಾತು ಕೊಟ್ಟರು. ಸರಿಯಾದ ದಾರಿಯಲ್ಲಿ, ದುಡ್ಡು ಕೊಟ್ಟು, ರಸೀದಿ ಸಮೇತ ಆ ಹನ್ನೆರಡು ಕಂತು ತಂದು ತೋರಿಸುತ್ತೇನೆ ಅಂತ. ಆಮೇಲೆ ಒಂದು ವರ್ಷ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೂರು ಆ್ಯಪುಗಳಿಗೆ ಚಂದಾ ಕಟ್ಟಿದರು. ಮೊದಲನೆಯದರಲ್ಲಿ ಎಂಬತ್ತನಾಲ್ಕು ಕಂತೂ ಇತ್ತು, ಅಲ್ಲಿಗೆ ಸರಿಯಾಗಿ ನಿಂತಿತ್ತು. ಎರಡನೆಯದರಲ್ಲಿ ಒಂದೂವರೆ ನಿಮಿಷದ ಜಾಹೀರಾತು ಮಾತ್ರ. ಮೂರನೆಯದರಲ್ಲಿ ಹೋಟೆಲಿನ ಹೆಂಗಸಿನ ನಗುಮುಖವಿತ್ತು, ಅದನ್ನು ಒತ್ತಿದರೆ, ‘ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂದು ಬರುತ್ತಿತ್ತು. ನಮ್ಮ ಪ್ರದೇಶ ಏನು ತಪ್ಪು ಮಾಡಿದೆ ಎಂದು ಕೇಳಿ ಸಾಹೇಬರು ಕಂಪನಿಗೆ ಒಂಬತ್ತು ಪತ್ರ ಬರೆದರು. ಒಂಬತ್ತಕ್ಕೂ ಒಂದೇ ಉತ್ತರ: ನಿಮ್ಮ ಆಸಕ್ತಿ ನಮಗೆ ಅಮೂಲ್ಯವಾದದ್ದು.

ಹೀಗಿರುವಾಗ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ರಾಡ್ ಹಾಕಿದರು, ಹಜಾರದಲ್ಲಿ ಟಿವಿಯ ಎದುರಿನ ಗೋಡೆಗೆ ಮಂಚ ಹಾಕಿ ಮಲಗಿಸಿದರು. ಆರು ವಾರದೊಳಗೆ ಎದ್ದು ನಡೆಯಬೇಕು, ಇಲ್ಲದಿದ್ದರೆ ಆಮೇಲೆ ಏಳುವುದೇ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ವ್ಯಾಯಾಮ ಮಾಡಿಸಲು ಒಬ್ಬಾಕೆ ದಿನವೂ ಬರತೊಡಗಿದಳು. ಅಕ್ಕ ಮಾತ್ರ ಜಪ್ಪಯ್ಯ ಅಂದರೂ ಕಾಲು ಕೆಳಗಿಡಲಿಲ್ಲ. ನೋವು ಅನ್ನಲಿಲ್ಲ, ಭಯ ಅನ್ನಲಿಲ್ಲ. ಯಾಕೆ ಏಳಬೇಕು, ಎದ್ದು ಏನು ನೋಡಬೇಕು, ಬಾಣಲೆ ನೋಡಬೇಕಾ ಅಂದಳು.

ಮೂರು ವಾರ ಕಳೆಯಿತು. ಸಾಹೇಬರಿಗೆ ಹೆದರಿಕೆ ಹತ್ತಿತು. ತಮ್ಮನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಇನ್ನು ಮಂಚದಿಂದ ಇಳಿಯುವುದಿಲ್ಲವೇನೋ ಎಂಬ ಯೋಚನೆ ಹಗಲೂ ರಾತ್ರಿ ಕಾಡತೊಡಗಿತು. ಒಂದು ಮಧ್ಯಾಹ್ನ ಮಂಚದ ಪಕ್ಕ ನಿಂತು, ಎಲ್ಲ ಕಡೆ ಕೇಳಿಯಾಯಿತು ಅಕ್ಕಾ, ಅದನ್ನು ಎಲ್ಲೂ ಮಾರುತ್ತಲೇ ಇಲ್ಲ ಎಂದು ಒಪ್ಪಿಕೊಂಡರು.

“ಕೌಂಟರ್ ಮುಚ್ಚಿದೆ ಅನ್ನು,” ಅಂದಳು ಅಕ್ಕ.

“ಹೂಂ.”

“ಹಂಗೆ ಹೇಳೋರಿಗೆ ನೀನು ಏನು ಹೇಳ್ತಿದ್ದೆ?”

“ರೈಲು ಹತ್ತಬಾರದು ಅಂತಿದ್ದೆ.”

“‘ಮತ್ತೆ ನಾನು ಊರಿಗೆ ಹೋಗೋದು ಹೆಂಗೆ’ ಅಂತ ಅವರಲ್ಲಿ ಯಾರೂ ಕೇಳಲಿಲ್ವೇನೋ?”

ಕೇಳಿದ್ದರು. ತುಂಬ ಜನ ಕೇಳಿದ್ದರು. ಅವರಿಗೆ ಏನು ಉತ್ತರ ಕೊಡುತ್ತಿದ್ದೆ ಎಂದು ಸಾಹೇಬರು ನೆನಪು ಮಾಡಿಕೊಂಡು ನೋಡಿದರು. ಉತ್ತರ ಕೊಟ್ಟ ನೆನಪೇ ಆಗಲಿಲ್ಲ. ರಸೀದಿ ಕೊಟ್ಟದ್ದು ಮಾತ್ರ ನೆನಪಾಯಿತು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮೊಬೈಲ್ ಅಂಗಡಿ ಇತ್ತು. ಅದರ ಒಡತಿ ಕರೆನ್ಸಿ ಹಾಕುವುದು, ಒಡೆದ ಗಾಜು ಬದಲಿಸುವುದು ಎಲ್ಲ ಮಾಡುತ್ತಿದ್ದಳು. ಪೆನ್‌ಡ್ರೈವ್ ಕೊಟ್ಟರೆ ಬೇಕಾದ ಸಿನಿಮಾ ತುಂಬಿಸಿಯೂ ಕೊಡುತ್ತಾಳೆಂದು ಬೀದಿಗೆಲ್ಲ ಗೊತ್ತಿತ್ತು. ಸಾಹೇಬರು ಆ ಅಂಗಡಿಯ ಮುಂದೆ ಮೂರು ಸಲ ಹಾದುಹೋದರು. ನಾಲ್ಕನೆಯ ಸಲ ಒಳಗೆ ಹೋದರೆ ಕೌಂಟರಿನ ಮುಂದೆ ಏಳೆಂಟು ಜನ ಒಬ್ಬರ ಮೇಲೊಬ್ಬರು ಬಿದ್ದು ನಿಂತಿದ್ದಾರೆ. ಅಭ್ಯಾಸ ಬಿಡುತ್ತದೆಯೇ, ತಾವು ಬಂದ ಕೆಲಸ ಮರೆತು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ನೋಡಿದರೆ ಸಾಲಿನ ಮೊದಲಿಗೆ ಊರಿನ ಒಂದೇ ಒಂದು ಚಿತ್ರಮಂದಿರದ ಮಾಲೀಕ. ಆತನಿಗೊಂದು ಸಿನಿಮಾ ನೋಡುವ ಆಸೆ, ಆ ಸಿನಿಮಾವನ್ನು ಆತನ ಚಿತ್ರಮಂದಿರಕ್ಕೆ ಯಾರೂ ಕೊಡುತ್ತಿಲ್ಲ. ಇಬ್ಬರೂ ಪರಸ್ಪರ ನೋಡಿಕೊಂಡು, ಫೋನ್ ರಿಪೇರಿಗೆ ಬಂದವರ ಹಾಗೆ ಮುಖ ಮಾಡಿದರು.

ಸರದಿ ಬಂದಾಗ ಸಾಹೇಬರು ಕೆಲಸ ಹೇಳುವ ಮೊದಲು ಒಡತಿಗೆ ಬುದ್ಧಿ ಹೇಳಿದರು. ಇದು ಕಳ್ಳ ಮಾಲು, ಜನ ದುಡ್ಡು ಉಳಿಸಲು ಇಲ್ಲಿಗೆ ಬರುತ್ತಾರೆ, ನೀನು ಅವರನ್ನು ಕೆಡಿಸುತ್ತಿದ್ದೀಯ. ಆಕೆ ಸಿಟ್ಟಾಗದೆ ಗಿರಾಕಿಗಳು ಕೇಳಿದ್ದನ್ನು ಬರೆದಿಡುವ ನೋಟ್‌ಬುಕ್ಕನ್ನು ಅವರ ಕಡೆ ತಿರುಗಿಸಿದಳು.

“ನೀವೇ ಚೆಕ್ ಮಾಡಿ ಸಾಹೇಬ್ರೇ. ಕೊಳ್ಳೋಕೆ ಸಿಗೋ ಸಿನಿಮಾನ ಇಲ್ಲಿ ಯಾರೂ ಕೇಳಲ್ಲ. ಅದನ್ನ ಫೋನಲ್ಲೇ ನೋಡ್ಕೋತಾರೆ. ಎಲ್ಲೂ ಸಿಗದೆ ಇರೋದನ್ನ ಮಾತ್ರ ನನ್ನ ಹತ್ರ ಕೇಳ್ತಾರೆ. ನಾಳೆ ಅವರೇ ಮಾರೋಕೆ ಶುರು ಮಾಡಿದ್ರೆ ನಾನು ಬರೀ ಗಾಜು ಹಾಕ್ಕೊಂಡು ಕೂರ್ತೀನಿ.”

ಚೆಕ್ ಮಾಡಿ ಅಂದರೆ ಸಾಹೇಬರು ಬಿಡುತ್ತಾರೆಯೇ? ಕನ್ನಡಕ ಏರಿಸಿ, ಹನ್ನೊಂದು ಪುಟ, ಸಾಲು ಸಾಲಿಗೂ ಬೆರಳಿಟ್ಟು ಓದಿದರು. ನಿಲ್ಲಿಸಿದ ಧಾರಾವಾಹಿ, ಇಲ್ಲಿಗೆ ಬಾರದ ಸಿನಿಮಾ, ಅಂಗಡಿಯಿಂದ ಮಾಯವಾದ ಹಳೆಯ ನಾಟಕ, ಬೇರೆ ಭಾಷೆಯಲ್ಲಿ ಮಾತ್ರ ಸಿಗುವ ಮಕ್ಕಳ ಕತೆ. ಒಂದಾದರೂ ಕೊಳ್ಳಲು ಸಿಗುವಂಥದ್ದು ಇರಬಹುದೆಂದು ಹುಡುಕಿ ಹುಡುಕಿ ಸೋತರು. ಮೂವತ್ತೆಂಟು ವರ್ಷದ ಸರ್ವೀಸಿನಲ್ಲಿ ನೆಪ ಹೇಳಿದವರೆಲ್ಲ ಹೀಗೆ ಒಟ್ಟಿಗೇ ನಿಜ ಹೇಳಿದ್ದನ್ನು ಅವರು ನೋಡಿರಲಿಲ್ಲ. ಸುಮ್ಮನೆ ಪೆನ್‌ಡ್ರೈವ್ ಮುಂದೆ ಚಾಚಿ, ಧಾರಾವಾಹಿಯ ಹೆಸರನ್ನು ಪಿಸುದನಿಯಲ್ಲಿ ಹೇಳಿದರು. ಅಂಗಡಿಯವಳು ಅದನ್ನು ಗಟ್ಟಿಯಾಗಿ ಓದಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಳು.

ಹನ್ನೆರಡು ಕಂತು ಸಿಕ್ಕಿತು. ಆದರೆ ಮಾತೆಲ್ಲ ಆ ಹೊರದೇಶದ ಭಾಷೆಯಲ್ಲಿ. ಯಾರೋ ಧಾರಾವಾಹಿ ಹುಚ್ಚರು ಪುಣ್ಯ ಕಟ್ಟಿಕೊಂಡು ಕೆಳಗೆ ಕನ್ನಡದಲ್ಲಿ ಅಕ್ಷರ ಹಾಕಿದ್ದರು. ಅಕ್ಕನ ಕಣ್ಣಿಗೆ ಆ ಅಕ್ಷರ ಕಾಣದು. ಹಾಗಾಗಿ ಸಾಹೇಬರೇ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಓದಿ ಹೇಳಬೇಕಾಯಿತು. ಒಂದು ಕರಾರಿನ ಮೇಲೆ: ಯಾವ ದಿನ ಅಕ್ಕ ವಾಕರ್ ಹಿಡಿದು ಹತ್ತು ಹೆಜ್ಜೆ ನಡೆಯುತ್ತಾಳೋ ಆ ದಿನ ಮಾತ್ರ ಟಿವಿ. ಅಕ್ಕ ಮರುದಿನವೇ ಹಲ್ಲು ಕಚ್ಚಿ ಎದ್ದು ನಿಂತಳು. ವ್ಯಾಯಾಮದಾಕೆ ತಾನು ಕಲಿತ ವಿದ್ಯೆಯ ಫಲ ಎಂದುಕೊಂಡು ಖುಷಿಪಟ್ಟಳು.

ಸಾಹೇಬರಿಗೆ ಗೊತ್ತಿದ್ದುದು ಒಂದೇ ದನಿ, ಬೋಗಿಯ ಆ ತುದಿಗೆ ಕೇಳಿಸುವ ದನಿ. ‘ನಿನ್ನನ್ನು ನೆನೆಯದೆ ಒಂದು ಸಂಜೆಯೂ ಕಳೆದಿಲ್ಲ ನನ್ನ ಜೀವವೇ’ ಎಂಬುದನ್ನು ಅವರು ಆ ದನಿಯಲ್ಲಿ ಓದಿದಾಗ, ಆ ಗಡ್ಡದವನು ಹೆಂಡತಿಯನ್ನು ಕೇಳುತ್ತಿರುವುದು ಪ್ರೀತಿಯನ್ನೋ ಪಾಸನ್ನೋ ತಿಳಿಯದಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಬಾಯಲ್ಲಿ ‘ನನ್ನ ಜೀವವೇ’ ಕೇಳಿದ ಹಾಗಾಯ್ತು, ಯಾರಿಗೆ ಅಂದ್ರೆ ಏನಂತೆ ಅಂದರು.

ಇಲ್ಲಿಗೆ ನಿಂತಿದ್ದರೆ ಕತೆ ಬೇರೆಯವರ ಮನೆಯ ಕತೆಯ ಹಾಗೇ ಇರುತ್ತಿತ್ತು. ಆದರೆ ಸಾಹೇಬರಿಗೆ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಿಳಿ ಹಾಳೆ, ಸ್ಕೇಲು, ಎರಡು ಕಾರ್ಬನ್ ಪೇಪರ್ ಹರಡಿಕೊಂಡು ಕೂತರು. ತಮ್ಮ ಹಳೆಯ ರಸೀದಿ ಪುಸ್ತಕದ ಮಾದರಿಯಲ್ಲೇ ಗೆರೆ ಎಳೆದು ಮೂರು ಪ್ರತಿ ಬರೆದರು. ಪ್ರಯಾಣಿಕ: ತಾವು. ತಪಾಸಣೆ ಮಾಡಿದವರು: ತಾವು. ಎಲ್ಲಿಂದ ಎಲ್ಲಿಗೆ: ಎಂಬತ್ತೈದನೆಯ ಕಂತಿನಿಂದ ತೊಂಬತ್ತಾರನೆಯ ಕಂತಿಗೆ. ಟಿಕೆಟ್ ಪಡೆಯದಿರಲು ಕಾರಣ: ಕೌಂಟರ್ ಇರಲಿಲ್ಲ. ದರವನ್ನು ಮೊದಲ ಆ್ಯಪಿನ ಚಂದಾದ ಲೆಕ್ಕದಲ್ಲಿ ಹಾಕಿ, ಅಷ್ಟೇ ದಂಡ ಸೇರಿಸಿದರು. ಅಕ್ಕನನ್ನು ಸಹಪ್ರಯಾಣಿಕಳೆಂದು ಬರೆದರು. ಹೆಂಡತಿ, ನಾನೇನು ಕೂತು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದೆ ಅಷ್ಟೆ ಅಂದರು. ನಿಂತು ಪ್ರಯಾಣ ಮಾಡಿದರೂ ಪೂರ್ತಿ ದರವೇ ಎಂದು ಅವರನ್ನೂ ಸೇರಿಸಿದರು. ಬ್ಯಾಂಕಿಗೆ ಹೋಗಿ ಡ್ರಾಫ್ಟ್ ಮಾಡಿಸಿ, ರಸೀದಿಯ ಒಂದು ಪ್ರತಿಯನ್ನೂ ತಪ್ಪೊಪ್ಪಿಗೆಯ ಪತ್ರವನ್ನೂ ಸೇರಿಸಿ, ಪೂರ್ತಿ ವಿಳಾಸ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಂಪನಿಗೆ ಕಳಿಸಿದ ಮೇಲೆ ಅವರಿಗೆ ಹಸಿವಾಯಿತು.

ಮೂರು ವಾರಕ್ಕೆ ಆರು ಕಂತು ಮುಗಿದವು. ಇನ್ನಷ್ಟು ಬೇಗ ಮುಗಿಯಬೇಕಿತ್ತು, ಆದರೆ ಅಕ್ಕನಿಗೆ ಕಂತಿನ ನಡುವೆ ನಿದ್ದೆ ಬಂದುಬಿಡುತ್ತಿತ್ತು. ಎದ್ದವಳು, ಇವನ್ಯಾರು, ಯಾಕೆ ಅಳ್ತಿದಾನೆ ಎಂದು ಕೇಳಿ ಮೊದಲಿನಿಂದ ಓದಿಸುತ್ತಿದ್ದಳು. ಹೆಜ್ಜೆ ಮಾತ್ರ ದಿನದಿನಕ್ಕೆ ಹೆಚ್ಚಿ ವಾಕರ್ ಅಡುಗೆಮನೆಯವರೆಗೆ ಹೋಗಿ ಬರುವಂತಾಯಿತು.

ಆಗ ಒಂದೇ ದಿನ, ಒಂದೇ ಅಂಚೆಯವನ ಕೈಯಲ್ಲಿ, ಕಂಪನಿಯ ಎರಡು ಲಕೋಟೆ ಬಂದವು. ಮೊದಲನೆಯದು ಮಾರಾಟ ವಿಭಾಗದ್ದು. ನಿಮ್ಮ ಪ್ರದೇಶದಲ್ಲಿ ಈ ಕಂತುಗಳನ್ನು ನಾವು ಮಾರುತ್ತಿಲ್ಲವಾದ್ದರಿಂದ ಇವಕ್ಕೆ ನಿಮ್ಮಿಂದ ಹಣ ಪಡೆಯಲು ಸಾಧ್ಯವಿಲ್ಲ, ಡ್ರಾಫ್ಟ್ ಹಿಂತಿರುಗಿಸಿದ್ದೇವೆ. ಎರಡನೆಯದು ಕಾನೂನು ವಿಭಾಗದ್ದು. ನೀವು ಹಣ ಕೊಡದೆ ನಮ್ಮ ಕಾರ್ಯಕ್ರಮವನ್ನು ನೋಡಿರುವುದು ನಿಮ್ಮದೇ ಪತ್ರದಿಂದ ಸಾಬೀತಾಗಿದೆ, ಈ ನೋಟಿಸ್ ತಲುಪಿದ ಏಳು ದಿನದೊಳಗೆ ಪ್ರತಿಯನ್ನು ಅಳಿಸದಿದ್ದರೆ ಕ್ರಮ ಜರುಗಿಸುತ್ತೇವೆ.

ಸಾಹೇಬರು ಎರಡನ್ನೂ ಎರಡೆರಡು ಸಲ ಓದಿದರು. ಅವರೂ ಬೇಕಾದಷ್ಟು ಜನರನ್ನು ಹಿಡಿದಿದ್ದರು, ಆದರೆ ಒಂದು ಕೈಯಲ್ಲಿ ದುಡ್ಡು ವಾಪಸು ಕೊಟ್ಟು ಇನ್ನೊಂದು ಕೈಯಲ್ಲಿ ಕತ್ತಿನ ಪಟ್ಟಿ ಹಿಡಿದಿರಲಿಲ್ಲ. ಹೆಂಡತಿ ನಗು ತಡೆಯಲಾರದೆ ಹಿತ್ತಲಿಗೆ ಹೋದರು. ಸಾಹೇಬರಿಗೆ ನಗು ಬರಲಿಲ್ಲ, ಅವಮಾನವಾಯಿತು. ಹಾಗಂತ ನೋಟಿಸ್ ನೋಟಿಸೇ. ಏಳು ದಿನ, ಉಳಿದದ್ದು ಆರು ಕಂತು. ದಿನಕ್ಕೊಂದರಂತೆ ನೋಡಿ, ಏಳನೆಯ ದಿನ ಅಳಿಸುವುದೆಂದು ವೇಳಾಪಟ್ಟಿ ಬರೆದು ಟಿವಿಯ ಪಕ್ಕ ಅಂಟಿಸಿದರು. ಅಕ್ಕ ಅದನ್ನು ಓದಿಸಿ ಕೇಳಿದಳು.

ವೇಳಾಪಟ್ಟಿ ಒಂದು ದಿನ ತಡವಾಗಿಯೇ ಓಡಿತು, ಅಕ್ಕನ ನಿದ್ದೆಯ ದೆಸೆಯಿಂದ. ಆರನೆಯ ದಿನ ತೊಂಬತ್ತೈದನೆಯ ಕಂತು ಮುಗಿದಾಗ ಬಂದರಿಗೆ ಮೂರನೆಯವನೊಬ್ಬ ಬಂದು ಇಳಿದು, ನಾನೇ ನಿನ್ನ ಗಂಡ ಅಂದಿದ್ದ. ಕೊನೆಯದೊಂದು ಉಳಿದಿತ್ತು. ಏಳನೆಯ ದಿನ ಮಧ್ಯಾಹ್ನ ಹೆಂಡತಿ ಔಷಧಿ ಅಂಗಡಿಗೆ ಹೋಗಿದ್ದಾಗ, ಸಾಹೇಬರು ಸ್ನಾನ ಮುಗಿಸಿ ಹಜಾರಕ್ಕೆ ಬಂದು ಟಿವಿಯ ಹಿಂದೆ ಕೈ ಹಾಕಿದರು. ಪೆನ್‌ಡ್ರೈವ್ ಇರಲಿಲ್ಲ.

ಅಕ್ಕ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದ್ದಳು. ಮಲಗಿದಂತೆ ನಟಿಸುವ ಪ್ರಯಾಣಿಕರ ರೆಪ್ಪೆ ಹೇಗೆ ಅದುರುತ್ತದೆ ಎಂಬುದನ್ನು ಸಾಹೇಬರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂಚದ ಮುಂದೆ ನಿಂತು ಅಂಗೈ ಚಾಚಿದರು. ಅಕ್ಕ ಒಂದು ಕಣ್ಣು ತೆರೆದಳು. ಆಗ ಸಾಹೇಬರ ದೃಷ್ಟಿ ವಾಕರ್ ಮೇಲೆ ಬಿತ್ತು. ಅದು ದೂರದ ಕಿಟಕಿಯ ಕೆಳಗೆ, ಬೆಳಿಗ್ಗೆ ಇಟ್ಟಲ್ಲೇ ಇತ್ತು. ಟಿವಿ ಮಂಚದಿಂದ ಹನ್ನೆರಡು ಹೆಜ್ಜೆ. ಹೋಗಿ ಬರಲು ಇಪ್ಪತ್ನಾಲ್ಕು.

“ಅಕ್ಕಾ, ಅದನ್ನ ಯಾರು ತೆಗೆದುಕೊಟ್ರು?”

“ಯಾರು ಕೊಡ್ತಾರೆ. ನಾನೇ ಹೋದೆ.”

“ವಾಕರ್ ಇಲ್ದೆ?”

“ಅದು ಟಕ ಟಕ ಅಂತ ಶಬ್ದ ಮಾಡುತ್ತೆ ಕಣೋ. ಕದಿಯೋಕೆ ಹೋಗೋರು ಶಬ್ದ ಮಾಡ್ಕೊಂಡು ಹೋಗ್ತಾರಾ?”

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಕೊಡು ಅಕ್ಕಾ, ಕೊನೆಯದನ್ನು ಈಗಲೇ ನೋಡಿಬಿಡೋಣ, ಸಂಜೆಗೆ ಅಳಿಸುತ್ತೇನೆ, ಕೊಟ್ಟ ಗಡುವು ಮೀರಬಾರದು ಅಂದರು. ಅಕ್ಕ ಹೊದಿಕೆಯ ಒಳಗೆ ಮುಷ್ಟಿ ಬಿಗಿಮಾಡಿದಳು. ಅವಳಿಗೆ ಕೊನೆಯದು ಬೇಡವಂತೆ.

“ಒಂದು ವರ್ಷ ಇದಕ್ಕೇ ಅಲ್ವಾ ನನ್ನ ಪ್ರಾಣ ತಿಂದಿದ್ದು? ನಿಜವಾದ ಗಂಡ ಯಾರು ಅಂತ ಗೊತ್ತಾಗಬೇಡ್ವಾ?”

“ಯಾರಾದ್ರೆ ನನಗೇನು. ಅದು ಮುಗಿದ್ರೆ ನೀನು ಎದ್ದು ಹೋಗ್ತೀಯ.” ಅಕ್ಕ ಸೂರನ್ನು ನೋಡುತ್ತ ಹೇಳಿದಳು. “ಮೂವತ್ತೆಂಟು ವರ್ಷ ನೀನು ರೈಲಲ್ಲಿದ್ದೆ. ಆಮೇಲೆ ಆರು ವರ್ಷ ಪೇಪರ್ ಹಿಂದೆ ಇದ್ದೆ. ನನ್ನ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿದ್ದು ಈ ಹನ್ನೊಂದು ಕಂತಿಗೆ ಮಾತ್ರ ಕಣೋ.”

“ನಿನಗೆ ಮಧ್ಯ ಮಧ್ಯ ನಿದ್ದೆ ಬರ್ತಿತ್ತಲ್ಲಕ್ಕಾ.”

“ಯಾರಿಗೆ ನಿದ್ದೆ?”

ಮೂವತ್ತೆಂಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಜನರ ಮುಖ ಓದಿದ ಮನುಷ್ಯ, ನಾಲ್ಕು ವಾರ ಪಕ್ಕದಲ್ಲೇ ಕೂತು ಈ ರೆಪ್ಪೆಗಳನ್ನು ನೋಡಿರಲಿಲ್ಲ. ಟಿವಿಯ ಕೆಳಗಿನ ಅಕ್ಷರ ಓದುತ್ತಿದ್ದರು. ಸಾಹೇಬರಿಗೆ ಅಳು ಬಂತು. ಒರೆಸಿಕೊಳ್ಳಲು ಹೋಗದೆ ಹಾಗೇ ಕೂತು ಅತ್ತರು. ಅಕ್ಕ ನೋಡಿಯೂ ನೋಡದವಳ ಹಾಗೆ, ಆ ಮೊದಲನೆಯ ಆ್ಯಪಿನಲ್ಲಿ ಕಂತು ಒಂದರಿಂದ ಹಾಕು, ಅದರಲ್ಲಿ ಕನ್ನಡ ಮಾತೇ ಇದೆ, ಆದರೂ ನೀನು ಪಕ್ಕದಲ್ಲಿ ಕೂರಬೇಕು ಅಂದಳು.

ಹೆಂಡತಿ ಔಷಧಿ ಹಿಡಿದು ಒಳಗೆ ಬಂದಾಗ ಸಾಹೇಬರು ಊಟದ ಮೇಜಿನ ಮುಂದೆ ಕೂತು ಕಂಪನಿಗೆ ಹನ್ನೊಂದನೆಯ ಪತ್ರ ಬರೆಯುತ್ತಿದ್ದರು. ಕಾರ್ಬನ್ ಇಟ್ಟಿರಲಿಲ್ಲ. ಬರೆದು ಮುಗಿಸಿ, ತಪ್ಪೇನಾದರೂ ಇದೆಯಾ ನೋಡು ಎಂದು ಹೆಂಡತಿಯ ಕೈಗೆ ಕೊಟ್ಟರು. ಅದರಲ್ಲಿ ಹೀಗಿತ್ತು:

‘ನೀವು ಕೊಟ್ಟ ಏಳು ದಿನ ಇವತ್ತಿಗೆ ಮುಗಿಯಿತು. ಪ್ರತಿಯನ್ನು ಅಳಿಸಿಲ್ಲ, ಅಳಿಸುವುದೂ ಇಲ್ಲ. ಕೊನೆಯ ಕಂತನ್ನು ಇನ್ನೂ ನೋಡಿಲ್ಲ, ಸದ್ಯಕ್ಕೆ ನೋಡುವ ಇರಾದೆಯೂ ಇಲ್ಲ. ನಮ್ಮ ಪ್ರದೇಶದಲ್ಲಿ ನೀವು ಮಾರಲು ಶುರು ಮಾಡಿದ ದಿನ ಮೊದಲ ಗಿರಾಕಿ ನಾನೇ. ಅಲ್ಲಿಯವರೆಗೆ ದಂಡ ವಸೂಲು ಮಾಡುವುದಿದ್ದರೆ ಮನೆಗೇ ಬನ್ನಿ. ವಿಳಾಸ ನಿಮ್ಮಲ್ಲಿದೆ. ಬಾಗಿಲು ತಟ್ಟಿದ ಮೇಲೆ ಸ್ವಲ್ಪ ಕಾಯಬೇಕಾಗುತ್ತದೆ. ಬಾಗಿಲು ತೆರೆಯುವವಳು ನನ್ನ ಅಕ್ಕ, ಅವಳು ನಡೆದುಕೊಂಡು ಬರಬೇಕು.’